ಕೀಲು ಕಳಚಿದರೆ ಏನಾಗುತ್ತೆ?

ರಿಮೋಟ್ ವಿಮಾನ ಕಟ್ಟೋಕೆ ಹೊರಟವರು ಮೋಟಾರು, ಬ್ಯಾಟರಿ, ರೇಡಿಯೋ ಸೆಟ್ಟು ಅಂತ ವಾರಗಟ್ಟಲೆ ತಲೆಕೆಡಿಸಿಕೊಳ್ತಾರೆ. ಲಿಂಕೇಜ್ ಕನೆಕ್ಟರ್ ಬಗ್ಗೆ ಮಾತ್ರ ಹೆಚ್ಚು ಜನ ಯೋಚಿಸಲ್ಲ, ಕಿಟ್ ಜೊತೆ ಬಂದದ್ದನ್ನೇ ಸಿಕ್ಕಿಸಿ ಹಾರಿಸಿಬಿಡ್ತಾರೆ. ಸರ್ವೋ ಮೋಟಾರಿನ ತೋಳು ಪುಶ್‌ರಾಡ್ ಅನ್ನೋ ತಂತಿಯನ್ನು ತಳ್ಳುತ್ತೆ, ತಂತಿ ಬಾಲದ ಪಟ್ಟಿಯನ್ನೋ ದೋಣಿಯ ಚುಕ್ಕಾಣಿಯನ್ನೋ ತಿರುಗಿಸುತ್ತೆ. ಆ ತಂತಿಯ ಎರಡೂ ತುದಿಯಲ್ಲಿರೋ ಪುಟ್ಟ ಕೀಲೇ ಈ ಕನೆಕ್ಟರ್.

ಪಿಯುಸಿ ಓದ್ತಿರೋ ಅಕ್ಕನ ಮಗ ಮೊನ್ನೆ ಫೋನ್ ಮಾಡಿ, "ಮಾಮ, ಯಾವುದು ಬೆಸ್ಟ್?" ಅಂದ. ನಾವು ಆಫೀಸಲ್ಲಿ ಪ್ರತಿ ಡಿಸೈನ್ ನೋಡುವಾಗ ಕೇಳೋ ಪ್ರಶ್ನೆಯನ್ನೇ ಅವನಿಗೂ ಕೇಳಿದೆ: "ಇದೊಂದು ಕೈಕೊಟ್ರೆ ಏನಾಗುತ್ತೆ?"

ದೋಣಿಯ ಚುಕ್ಕಾಣಿ ಕೀಲು ಕಳಚಿದರೆ ಮೋಟಾರು ಆಫ್ ಮಾಡಬಹುದು, ದೋಣಿ ನೀರಲ್ಲೇ ನಿಲ್ಲುತ್ತೆ. ವಿಮಾನದ ರಡ್ಡರ್ ಹೋದರೆ, ಏಲೆರಾನ್ ಇದ್ದಲ್ಲಿ ಹೇಗೋ ಇಳಿಸಬಹುದು. ಎಲಿವೇಟರ್ ಕಳಚಿದರೆ? ಮೂಗು ಮೇಲೆತ್ತೋಕೆ ದಾರಿಯೇ ಇಲ್ಲ. ಪಕ್ಕದಲ್ಲೇ ಹುಡುಗರು ಕ್ರಿಕೆಟ್ ಆಡ್ತಿರೋ ಮೈದಾನದಲ್ಲಿ ಅದು ಎಲ್ಲಿ ಬೀಳುತ್ತೆ ಅನ್ನೋದು ನಿಮ್ಮ ಕೈಯಲ್ಲಿರಲ್ಲ. ಹಾಗಾಗಿ ಇರೋದರಲ್ಲಿ ಗಟ್ಟಿ ಕೀಲು ಎಲಿವೇಟರ್‌ಗೇ ಹೋಗಬೇಕು.

ಈಗ ಆಯ್ಕೆ ನೋಡೋಣ. ತಂತಿಯನ್ನೇ ಎರಡು ಸಲ ಬಗ್ಗಿಸಿ ಮಾಡೋ ಝಡ್ ಬೆಂಡ್ ಅಗ್ಗ, ಕಳಚೋದು ಕಷ್ಟ. ಆದರೆ ಉದ್ದ ಹೊಂದಿಸೋಕಾಗಲ್ಲ. ಕವಲಿನ ಹಾಗಿರೋ ಕ್ಲೆವಿಸ್ ಅನ್ನು ಥ್ರೆಡ್ ಮೇಲೆ ತಿರುಗಿಸಿ ಉದ್ದ ಹೊಂದಿಸಬಹುದು. ಇವೆರಡರ ಜೋಡಿ ಚೆನ್ನ: ಸರ್ವೋ ಕಡೆ ಝಡ್ ಬೆಂಡ್, ಪಟ್ಟಿಯ ಕಡೆ ಕ್ಲೆವಿಸ್. ಝಡ್ ಬೆಂಡ್ ಇದ್ದರೆ ತಂತಿ ತಾನಾಗಿ ತಿರುಗಿ ಬಿಚ್ಚಿಕೊಳ್ಳಲ್ಲ. ಕ್ಲೆವಿಸ್ ಬಾಯಿ ತೆರೆದುಕೊಳ್ಳದ ಹಾಗೆ ಸಿಲಿಕಾನ್ ಟ್ಯೂಬಿನ ಸಣ್ಣ ಬಳೆ ಹಾಕಿ.

ತಂತಿಯನ್ನು ಸಣ್ಣ ಸ್ಕ್ರೂನಿಂದ ಒತ್ತಿ ಹಿಡಿಯೋ ಕನೆಕ್ಟರ್ ಹೊಸಬರಿಗೆಲ್ಲ ಇಷ್ಟ, ಯಾಕಂದ್ರೆ ಹೊಂದಿಸೋದು ಅರ್ಧ ನಿಮಿಷದ ಕೆಲಸ. ಆದರೆ ಅದು ನಿಂತಿರೋದು ಬರೀ ಹಿಡಿತದ ಮೇಲೆ. ನಡುಕಕ್ಕೆ ಸ್ಕ್ರೂ ಸಡಿಲ ಆದರೆ ತಂತಿ ಜಾರುತ್ತೆ. ಹಗುರ ಫೋಮ್ ವಿಮಾನದ ರಡ್ಡರ್‌ಗೆ ಸಾಕು, ವೇಗದ ವಿಮಾನದ ಎಲಿವೇಟರ್‌ಗೆ ಬೇಡ. ಹಾಕೋದಾದರೆ ತಂತಿಯನ್ನು ಆ ಜಾಗದಲ್ಲಿ ಸ್ವಲ್ಪ ಅರದಿಂದ ಚಪ್ಪಟೆ ಮಾಡಿ, ಲೋಹದ ಸ್ಕ್ರೂಗೆ ಥ್ರೆಡ್ ಲಾಕರ್ ಒಂದು ಹನಿ ಹಾಕಿ. ಪ್ಲಾಸ್ಟಿಕ್‌ಗೆ ಅದು ತಾಗಬಾರದು, ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತೆ.

ಬಾಲ್ ಲಿಂಕ್ ಸ್ವಲ್ಪ ದುಬಾರಿ. ಸರ್ವೋ ತೋಳು ಒಂದು ದಿಕ್ಕಿಗೆ, ಪಟ್ಟಿ ಇನ್ನೊಂದು ಓರೆಗೆ ಆಡೋ ಕಡೆ ಮತ್ತು ಒಂಚೂರೂ ಲೂಸು ಇರಬಾರದ ಕಡೆ ಅದೇ ಸರಿ. ಹೆಲಿಕಾಪ್ಟರ್ ಮಾಡೆಲ್‌ಗಳಲ್ಲಿ ಎಲ್ಲೆಲ್ಲೂ ಅದೇ ಕಾಣೋದು ಇದಕ್ಕೇ. ಕೀಲು ಲೂಸಾಗಿದ್ರೆ ವೇಗ ಹೆಚ್ಚಿದಾಗ ಪಟ್ಟಿ ಪಟಪಟ ಅಂತ ನಡುಗೋಕೆ ಶುರುವಾಗಬಹುದು. ಫ್ಲಟರ್ ಅಂತಾರೆ. ಕ್ಷಣಗಳಲ್ಲಿ ರೆಕ್ಕೆ ಬಾಲವನ್ನೇ ಕಿತ್ತುಹಾಕೋ ಶಕ್ತಿ ಅದಕ್ಕಿದೆ.

ಕೊಳ್ಳುವಾಗ ಅಳತೆ ನೋಡಿ. ಅಮೆರಿಕದ 2-56 ಥ್ರೆಡ್ ಸುಮಾರು 2.2 ಮಿ.ಮೀ. ದಪ್ಪ, ಮೆಟ್ರಿಕ್ ಎಂ2 ಸರಿಯಾಗಿ 2 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಎಂ2 ತಂತಿಗೆ 2-56 ಕ್ಲೆವಿಸ್ ಹಾಕಿದ್ರೆ ಸಲೀಸಾಗಿ ಕೂರುತ್ತೆ, ಎಳೆದ್ರೆ ಕಿತ್ತು ಬರುತ್ತೆ. ತಂತಿ, ಕ್ಲೆವಿಸ್ ಎರಡನ್ನೂ ಒಂದೇ ಅಳತೆಯದು ಅಂತ ಕೇಳಿ ತಗೊಳ್ಳಿ.

ದೋಣಿಯವರಿಗೆ ಶತ್ರು ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಕೀಲುಗಳನ್ನೇ ಹಾಕಿ, ತಂತಿ ದೋಣಿಯ ಒಡಲಿನಿಂದ ಹೊರಬರೋ ತೂತಿಗೆ ರಬ್ಬರ್ ಬೆಲ್ಲೋ ಹಾಕಿ. ಆಟ ಮುಗಿದ ಮೇಲೆ ಒರೆಸಿಡಿ.

ಹೊರಡೋ ಮುಂಚೆ ಒಂದು ಪರೀಕ್ಷೆ. ಪ್ರೊಪೆಲ್ಲರ್ ಬಿಚ್ಚಿಟ್ಟು ರೇಡಿಯೋ ಆನ್ ಮಾಡಿ, ಸರ್ವೋ ಸ್ಥಿರವಾಗಿರಲಿ. ಪಟ್ಟಿಯನ್ನು ಬೆರಳಿಂದ ಮೆಲ್ಲಗೆ ಅಲ್ಲಾಡಿಸಿ. ಸರ್ವೋ ಮಿಸುಕದೆ ಪಟ್ಟಿ ಆಡಿದರೆ ಕೀಲು ಬದಲಿಸಿ, ಆಮೇಲೆ ಹಾರಿಸಿ.