ದಿನಕ್ಕೊಂದು ಛಾಯಾಚಿತ್ರ, ಅದರ ಕೆಳಗೊಂದು ಸಾಲು

ದಿನಕ್ಕೊಂದರಂತೆ ಛಾಯಾಚಿತ್ರವನ್ನು ತೆಗೆಯುತ್ತ ವರ್ಷಗಟ್ಟಲೆ ಆ ವ್ರತವನ್ನು ನಡೆಯಿಸುವ ಹವ್ಯಾಸವು ಈಗ ಲೋಕದ ಅನೇಕ ಕಡೆಗಳಲ್ಲಿ ಹಬ್ಬಿರುವದು. ಮೊಬೈಲ್ ಫೋನಿನಲ್ಲಿಯೇ ಕ್ಯಾಮರಾ ಕೂಡಿರುವದರಿಂದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿಯೂ ಇದಕ್ಕೆ ಬೇಕಾದ ಸಾಧನವು ಜನರ ಕಿಸೆಯೊಳಗೇ ಇರುವದು. ಆದರೆ ಈ ಹವ್ಯಾಸದ ವಿಷಯದಲ್ಲಿ ನಮ್ಮಲ್ಲಿ ಎರಡು ಪಕ್ಷಗಳುಂಟು. ಸಾಹಿತ್ಯವೆಂದರೆ ಅಕ್ಷರವೊಂದೇ ಎಂದು ನಂಬಿದ ಹಿರಿಯರು ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವರು. ತರುಣರಾದರೋ ದಿನಕ್ಕೆ ನೂರು ಚಿತ್ರ ತೆಗೆಯುವ ತಮಗೆ ಒಂದರ ನಿಯಮವೇಕೆಂದು ನಗುವರು. ಈ ಎರಡು ಪಕ್ಷಗಳೂ ತಪ್ಪುದಾರಿಯಲ್ಲಿರುವವೆಂದು ಸ್ಪಷ್ಟವಾಗಿ ಹೇಳುವ ಕಾಲವು ಬಂದಿರುವದು. ದಿನಕ್ಕೆ ಒಂದೇ ಚಿತ್ರ. ಅದು ತನ್ನ ಊರಿನದು. ಅದರ ಕೆಳಗೆ ಕೈಯಾರೆ ಬರೆದ ಒಂದು ಸಾಲು. ಈ ಮೂರೂ ಕೂಡಿದರೆ ಈ ಹವ್ಯಾಸವು ನಮ್ಮ ಜಿಲ್ಲೆಯ ಇತಿಹಾಸಕ್ಕೆ ಆಧಾರವಾಗುವದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬರಿಯ ಕಾಲಹರಣವು.

ಮೊದಲು ಹಿರಿಯರ ಆಕ್ಷೇಪವನ್ನು ನೋಡೋಣ. ನ್ಯೂಯಾರ್ಕ್ ನಗರದ ಜೇಮೀ ಲಿವಿಂಗ್‌ಸ್ಟನ್ ಎಂಬಾತನು 1979ನೆಯ ಮಾರ್ಚ 31ರಿಂದ ದಿನಕ್ಕೊಂದು ಪೋಲರಾಯ್ಡ್ ಚಿತ್ರವನ್ನು ತೆಗೆಯಹತ್ತಿದನು. 1997ನೆಯ ಅಕ್ಟೋಬರ 25ರಂದು, ತನ್ನ 41ನೆಯ ಹುಟ್ಟುಹಬ್ಬದ ದಿನವೇ ಆತನು ತೀರಿಕೊಂಡನು. ಅಲ್ಲಿಯ ವರೆಗೆ ಆ ಕ್ರಮವನ್ನು ಕೈಬಿಡಲಿಲ್ಲ. ಗೆಳೆಯರು, ಊಟದ ತಾಟು, ಬೀದಿ, ಕಡೆಗೆ ತನ್ನ ಬೇನೆ, ಎಲ್ಲವೂ ಆ ಆರು ಸಾವಿರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಬಂದಿರುವವು. ಬಿಡಿಯಾಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಸಾಧಾರಣವಾದವು. ಸಾಲಾಗಿ ನೋಡಿದರೆ ಒಬ್ಬ ಮನುಷ್ಯನ ಬಾಳು ಕಣ್ಣೆದುರಿಗೆ ಸಾಗಿಹೋಗುವದು. ಕ್ರಮ ತಪ್ಪದೆ ಬರೆದ ದಿನಚರಿಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂಡ್ರಿಸುವ ನಾವು, ಕ್ರಮ ತಪ್ಪದೆ ತೆಗೆದ ಚಿತ್ರಮಾಲೆಯನ್ನು ಹೊರಗೆ ನಿಲ್ಲಿಸುವದು ಯಾವ ನ್ಯಾಯವು?

ಇನ್ನು ನಮ್ಮ ಜಿಲ್ಲೆಯ ಮಾತು. ಇಲ್ಲಿಗೆ ಕ್ಯಾಮರಾ ಬಂದದ್ದು ಇತ್ತೀಚೆಗಲ್ಲ. 1855ರಲ್ಲಿಯೇ ಮುಂಬಯಿ ಸರಕಾರವು ಥಾಮಸ ಬಿಗ್ಸ್ ಎಂಬ ಸೈನ್ಯಾಧಿಕಾರಿಯಿಂದ ವಿಜಯಪುರದ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆಯಿಸಿತು. 1866ರಲ್ಲಿ, ನೆರೆಯ ಸುರಪುರದ ಆಡಳಿತವನ್ನು ನೋಡಿದ್ದ ಮೆಡೋಸ್ ಟೇಲರ ಹಾಗೂ ಜೇಮ್ಸ್ ಫರ್ಗ್ಯುಸನ್ ಇವರ ಬರಹಗಳೊಡನೆ ವಿಜಯಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಚಿತ್ರಗ್ರಂಥವು ಹೊರಬಂದಿತು. 1916ರಲ್ಲಿ ಹೆನ್ರಿ ಕಸಿನ್ಸ್ ಅವರ ಗ್ರಂಥವು ಬೆಳಕನ್ನು ಕಂಡಿತು. ಈ ವಿದ್ವಾಂಸರ ಉಪಕಾರವು ದೊಡ್ಡದು. ಆದರೆ ಅವರ ಲಕ್ಷ್ಯವೆಲ್ಲ ಗುಮ್ಮಟ, ಮಸೀದಿ, ಮಹಲುಗಳ ಮೇಲೆ ಇದ್ದಿತು. ಎತ್ತುಗಳಿಂದ ನೀರೆತ್ತುವ ಬಾವಿ, ಜೋಳದ ಹಗೇವು, ಮಣ್ಣಿನ ಮಾಳಿಗೆಮನೆ, ಸಂತೆಗೆ ಬಂದ ಹೆಂಗಸರು, ಇವು ಅವರ ಕೆಲಸದ ಹೊರಗಿನ ಮಾತು. ವಿಷಾದದ ಸಂಗತಿಯೆಂದರೆ ನಮ್ಮ ತರುಣರೂ ಇಂದು ಅದೇ ದಾರಿಯನ್ನು ತುಳಿಯುತ್ತಿರುವದು. ಆದಿತ್ಯವಾರ ವಿಜಯಪುರಕ್ಕೆ ಹೋಗಿ, ಸಾವಿರ ಜನರು ನಿಂತ ಜಾಗದಲ್ಲಿಯೇ ನಿಂತು, ಗೋಲಗುಮ್ಮಟದ ಚಿತ್ರ ತೆಗೆದುಕೊಂಡು ಬರುವರು. ಗೋಲಗುಮ್ಮಟಕ್ಕೆ ಈಗ ಚಿತ್ರಗಳ ಬಡತನವಿಲ್ಲ. ಬಡತನವಿರುವದು ಅವರ ಸ್ವಂತ ಓಣಿಗೆ.

ಈ ಬಡತನದ ಬೆಲೆಯೇನೆಂಬುದನ್ನು ಕೃಷ್ಣೆಯ ದಂಡೆಯ ಜನರು ಬಲ್ಲರು. 1964ನೆಯ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಆಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ನೀರು ನಿಂತ ಮೇಲೆ, ಮಣ್ಣಿನ ಗಡಿಗೆಯ ಮೊಸರಿಗಾಗಿ ಹೆಸರಾಗಿದ್ದ ಹಳೆಯ ಕೊಲ್ಹಾರವು ಮುಳುಗಿತು. ಜನರು ಹೊಸ ಕೊಲ್ಹಾರದಲ್ಲಿ ನೆಲೆಸಿದರು. ನದಿಯ ಎರಡೂ ದಂಡೆಗಳಲ್ಲಿ ಇನ್ನೆಷ್ಟೋ ಊರುಗಳು ಹೀಗೆಯೇ ಎದ್ದುಹೋದವು. ಮುಳುಗಿದ ಹೊಲದ ಸರ್ವೇ ನಂಬರು, ಎಕರೆ, ಗುಂಟೆ, ಪರಿಹಾರದ ಮೊತ್ತ, ಇವೆಲ್ಲ ಸರಕಾರದ ಕಾಗದಗಳಲ್ಲಿ ಸೇರುವ ಸಂಗತಿಗಳು. ಹೊತ್ತು ಮುಳುಗುವಾಗ ಯಾವ ಕಟ್ಟೆಯ ಮೇಲೆ ಯಾರು ಕೂಡ್ರುತ್ತಿದ್ದರು, ನೀರಿಗೆ ಹೋಗುವ ದಾರಿಯು ಯಾವ ಮನೆಯ ಹಿತ್ತಲನ್ನು ಸುತ್ತಿ ಇಳಿಯುತ್ತಿತ್ತು ಎಂಬುದನ್ನು ಯಾವ ಕಾಗದವೂ ಹೇಳಲಾರದು. ಕೆಲವು ಮುದುಕರ ನೆನಪಿನಲ್ಲಿ ಅದು ಉಳಿದಿದ್ದರೆ ಉಂಟು, ಅವರ ನಂತರ ಇಲ್ಲ. ಈ ಕಥೆಯು ಮುಗಿದಿಲ್ಲವೆಂಬುದನ್ನೂ ವಾಚಕರು ಲಕ್ಷ್ಯದಲ್ಲಿಡಬೇಕು. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ನೆಯ ಡಿಸೆಂಬರ 30ರ ತೀರ್ಪಿನಲ್ಲಿ ಒಪ್ಪಿಗೆ ಕೊಟ್ಟಿರುವದು. ಆ ಮಟ್ಟಕ್ಕೆ ನೀರು ಬಂದರೆ ಮತ್ತಷ್ಟು ಊರುಗಳೂ ಹೊಲಗಳೂ ಕಣ್ಮರೆಯಾಗುವವು. ಅವುಗಳ ಚಿತ್ರವನ್ನು ನೀರು ಬರುವ ಮೊದಲೇ ತೆಗೆಯಬೇಕಲ್ಲವೆ?

ಸಣ್ಣ ವಸ್ತುವನ್ನು ದಿನದಿನವೂ ಕೂಡಿಹಾಕುವ ಕೆಲಸಕ್ಕೆ ನಮ್ಮ ನೆಲದಲ್ಲಿ ಹೊರಗಿನ ಗುರುಗಳು ಬೇಕಿಲ್ಲ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಗರತಿಯರ ಬಾಯಿಂದ ಹಾಡುಗಳನ್ನು ಒಂದೊಂದಾಗಿ ಬರೆದುಕೊಂಡರು. ಅದರಿಂದ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವು ಹುಟ್ಟಿತು. ಫ. ಗು. ಹಳಕಟ್ಟಿಯವರು ಮನೆಮನೆಯ ಜಗಲಿಯಲ್ಲಿದ್ದ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಆ ಕಾಲದಲ್ಲಿ ಹೆಂಗಸರ ಬೀಸುವ ಹಾಡನ್ನು ಬರೆದುಕೊಳ್ಳುವದೂ ಕೆಲವರ ಕಣ್ಣಿಗೆ ಹುಡುಗಾಟಿಕೆಯಾಗಿಯೇ ತೋರಿರಬೇಕು. ಈಗ ಮನೆಗಳಲ್ಲಿ ಬೀಸುಕಲ್ಲು ಮೂಲೆಗೆ ಸೇರಿದೆ. ಹಿಟ್ಟು ಗಿರಣಿಯಿಂದ ಬರುವದು. ಬರೆದುಕೊಂಡದ್ದರಿಂದ ಹಾಡು ಉಳಿಯಿತು. ಆ ಬೆಳಗಿನ ಕತ್ತಲೆಕೋಣೆ, ಗೂಟವನ್ನು ಹಿಡಿದ ಕೈ, ಇವು ಮಾತ್ರ ನಮ್ಮ ಊಹೆಗೆ ಬಿಟ್ಟವು. ಹಲಸಂಗಿಯ ಗೆಳೆಯರ ಕೈಯಲ್ಲಿ ಇಲ್ಲದಿದ್ದ ಸಾಧನವು ಇಂದು ದನ ಕಾಯುವ ಹುಡುಗನ ಕೈಯಲ್ಲಿಯೂ ಇರುವದು.

ಈಗ ತರುಣರ ಕಡೆಗೆ ತಿರುಗೋಣ. ದಿನಕ್ಕೆ ನೂರು ಚಿತ್ರ ತೆಗೆಯುವವನು ಒಂದನ್ನೂ ನೋಡುವದಿಲ್ಲ. ಒಂದೇ ಎಂಬ ಕಟ್ಟು ಇದ್ದರೆ ಬೆಳಗಿನಿಂದ ಕಣ್ಣು ಎಚ್ಚರವಾಗಿರುವದು. ಯಾವುದನ್ನು ಆರಿಸಲಿ, ಯಾವುದನ್ನು ಬಿಡಲಿ ಎಂಬ ವಿವೇಕವು ಬೆಳೆಯುವದು. ಒಂದು ಗುಂಡಿಯನ್ನೊತ್ತಿದರೆ ಒಂದು ಹಾಳೆ ಖರ್ಚಾಗುತ್ತಿದ್ದ ಪೋಲರಾಯ್ಡು ಈ ಶಿಸ್ತನ್ನು ತಾನೇ ಕಲಿಸುತ್ತಿತ್ತು. ಖರ್ಚಿಲ್ಲದ ಮೊಬೈಲು ಕಲಿಸಲಾರದು. ಆದಕಾರಣ ನಾವೇ ಅದನ್ನು ಹಾಕಿಕೊಳ್ಳಬೇಕು. ಇನ್ನು ಕೆಳಗಿನ ಸಾಲು. ಯಾವ ಊರು, ಯಾವ ತಾರೀಖು, ಏನು, ಯಾರು, ಇಷ್ಟನ್ನು ಬರೆದರೆ ಸಾಕು. ಫೋನು ತಾರೀಖನ್ನು ತಾನೇ ಇಟ್ಟುಕೊಳ್ಳುವದೆಂದು ಕೆಲವರು ವಾದಿಸುವರು. ಆದರೆ ಅದೇ ಚಿತ್ರವನ್ನು ವಾಟ್ಸಾಪಿನಲ್ಲಿ ಸಾಧಾರಣ ರೀತಿಯಿಂದ ಕಳಿಸಿದರೆ ಚಿತ್ರವು ಕುಗ್ಗುವದಲ್ಲದೆ, ತೆಗೆದ ದಿನ, ಸ್ಥಳಗಳ ಗುರುತೂ ಅದರಿಂದ ಕಳಚಿಹೋಗುವದು. ಫೋನು ಒಡೆದರೆ ಚಿತ್ರವೂ ಹೋಗುವದು. ಹೆಸರಿಲ್ಲದ ಮುಖ, ಊರಿಲ್ಲದ ಬಾವಿ, ಇವುಗಳಿಂದ ಮೊಮ್ಮಕ್ಕಳಿಗೆ ಏನು ಪ್ರಯೋಜನ? ವಾರಕ್ಕೊಂದು ಚಿತ್ರವನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಬೆನ್ನಿನ ಮೇಲೆ ಬರೆದು, ಪೆಟ್ಟಿಗೆಯಲ್ಲಿಡಬೇಕು.

ಇದರೊಡನೆ ಒಂದು ಎಚ್ಚರಿಕೆಯ ಮಾತನ್ನೂ ಹೇಳದೆ ಇರಲಾಗದು. 1876ರಿಂದ 1878ರ ವರೆಗಿನ ಭೀಕರ ಬರಗಾಲವು ಆಗ ಕಲಾದಗಿ ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿದ್ದ ನಮ್ಮ ನಾಡನ್ನೂ, ಮದ್ರಾಸ ಪ್ರಾಂತವನ್ನೂ ಹಾಳುಮಾಡಿತು. ಆಗ ಮದ್ರಾಸ ಸೈನ್ಯದ ಹೂಪರ ಎಂಬ ಅಧಿಕಾರಿಯು ಎಲುಬಿನ ಹಂದರವಾಗಿದ್ದ ಜನರನ್ನು ಗುಂಪುಗುಂಪಾಗಿ ಕೂಡ್ರಿಸಿ ಅವರ ಚಿತ್ರಗಳನ್ನು ತೆಗೆದನು. ಚಿತ್ರಗಳು ಇಂದಿಗೂ ಇರುವವು. ಅವುಗಳಲ್ಲಿ ಕುಳಿತವರ ಹೆಸರುಗಳು ನಮಗೆ ದೊರೆಯುವದಿಲ್ಲ. ಪರರ ಸಂಕಟವನ್ನು ಕೇಳದೆ ಕದ್ದುಕೊಳ್ಳುವ ಈ ಪದ್ಧತಿಯು ನಮಗೆ ಬೇಡ. ಕೂಲಿಯವಳ ಚಿತ್ರ ತೆಗೆಯುವ ಮೊದಲು ಅವಳ ಒಪ್ಪಿಗೆಯನ್ನು ಕೇಳಬೇಕು. ತೆಗೆದ ಮೇಲೆ ಅವಳಿಗೊಂದು ಪ್ರತಿಯನ್ನು ಕೊಡಬೇಕು. ಅವಳು ಬೇಡವೆಂದರೆ ಅಂದಿನ ಚಿತ್ರವು ಅವಳ ಕುಡುಗೋಲಿನದಾಗಲಿ.

ನಮ್ಮ ಹಳ್ಳಿಯಲ್ಲಿ ದಿನಕ್ಕೊಂದು ಚಿತ್ರ ತೆಗೆಯುವಂಥದು ಏನು ನಡೆಯುವದೆಂದು ಕೇಳುವವರೂ ಉಂಟು. ಅವರಿಗೆ ನಾವು ಕೇಳುವೆವು: ಇಂಡಿಯ ನಿಂಬೆಯ ತೋಟದಲ್ಲಿ ಬಾವಿಯ ನೀರು ಯುಗಾದಿಗೆ ಎಷ್ಟು ಮೆಟ್ಟಿಲು ಇಳಿಯಿತು? ಸಿಂದಗಿಯ ಎರೆಹೊಲದಲ್ಲಿ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವ ಚಕ್ಕಡಿಗಳು ಇನ್ನೆಷ್ಟು ಉಳಿದಿರುವವು? ಆಗಿನ ಮುದ್ದೇಬಿಹಾಳ ತಾಲೂಕಿನ ತಾಳಿಕೋಟೆಯ ಹತ್ತಿರ ಡೋಣಿಯು ಮಳೆಗಾಲದಲ್ಲಿ ಯಾವ ಹೊಲದ ವರೆಗೆ ಏರುವದು? ಬಾಗೇವಾಡಿಯ ಬಸವೇಶ್ವರನ ಶ್ರಾವಣದ ಜಾತ್ರೆಯಲ್ಲಿ ಮೊದಲಿದ್ದ ಯಾವ ಅಂಗಡಿ ಈಗ ಕಾಣುವದಿಲ್ಲ? ಇವುಗಳಿಗೆ ಉತ್ತರ ಕೊಡಬಲ್ಲದ್ದು ಒಂದೇ ಜಾಗದಲ್ಲಿ ನಿಂತು ಮತ್ತೆ ಮತ್ತೆ ತೆಗೆದ ಚಿತ್ರವೇ. ಬೇಸರವೆಂದು ನಾವು ಕರೆಯುವ ಈ ಪುನರಾವೃತ್ತಿಯಲ್ಲಿಯೇ ಬದಲಾವಣೆಯು ಸಿಕ್ಕಿಬೀಳುವದು. ಒಣಬೇಸಾಯದ ನೆಲಕ್ಕೆ ಕಾಲುವೆಯ ನೀರು ಬಂದಿದೆ. ಬಿಳಿಜೋಳದ ಪಕ್ಕದಲ್ಲಿ ಕಬ್ಬು ನಿಂತಿದೆ. ಮಣ್ಣಿನ ಮಾಳಿಗೆಯ ಮೇಲೆ ಸಿಮೆಂಟು ಕುಳಿತಿದೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಮುಂದಿನವರು ತೀರ್ಮಾನಿಸಲಿ. ಅದಕ್ಕೆ ಬೇಕಾದ ಸಾಕ್ಷ್ಯವನ್ನು ಇಡುವದು ನಮ್ಮ ಕೆಲಸ.

ಈ ಕೆಲಸವು ಗಂಡಸರದೇ ಎಂದು ಯಾರೂ ತಿಳಿಯಬಾರದು. ಒಲೆ, ಹಗೇವಿನ ಬಾಯಿ, ರೊಟ್ಟಿ ಬಡಿಯುವ ಕೊಣಮಿಗೆ, ಬಾಣಂತಿಯ ಕೋಣೆ, ಕೌದಿಯ ಹೊಲಿಗೆ, ಇವುಗಳನ್ನು ಹೊರಗಿನ ಯಾವ ಚಿತ್ರಕಾರನೂ ಕಾಣಲಾರನು. ಗರತಿಯ ಹಾಡಿನ ಒಡತಿಯರ ಮೊಮ್ಮಕ್ಕಳೇ ಅವುಗಳ ಚಿತ್ರಕ್ಕೆ ತಕ್ಕವರು.

ನಾಲ್ಕು ತಾಲೂಕುಗಳಲ್ಲಿ ತಾಲೂಕಿಗೆ ಹತ್ತು ಜನರು ಮುಂದೆ ಬಂದರೆ ನಲವತ್ತು ಜನರಾಗುವರು. ಒಂದು ವರ್ಷದಲ್ಲಿ ಅವರಿಂದ 14,600 ಚಿತ್ರಗಳೂ ಅಷ್ಟೇ ಸಾಲುಗಳೂ ಕೂಡುವವು. ಇದಕ್ಕೆ ಸರಕಾರದ ಹಣವಾಗಲಿ, ಪಂಡಿತರ ಅಪ್ಪಣೆಯಾಗಲಿ ಬೇಕಿಲ್ಲ. ಪ್ರತಿಯೊಂದು ಶಾಲೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆಗೆ ಜಾಗವಿದ್ದರೆ ಸಾಕು. ಕನ್ನಡದ ಶಿಕ್ಷಕರು ಮಕ್ಕಳಿಂದ ಆ ಸಾಲುಗಳನ್ನು ಬರೆಯಿಸಲಿ. ಅದಕ್ಕಿಂತ ಒಳ್ಳೆಯ ನಿಬಂಧದ ಅಭ್ಯಾಸವು ಬೇರೆ ಸಿಕ್ಕಲಾರದು. ಬರುವ ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಬಳಿಯುವಾಗ ಮೊದಲನೆಯ ಚಿತ್ರವನ್ನು ತೆಗೆಯಿರಿ. ಎತ್ತು ಯಾರದು, ಅದರ ಹೆಸರೇನು ಎಂಬುದನ್ನು ಮರೆಯದೆ ಕೆಳಗೆ ಬರೆಯಿರಿ. ಮರುದಿನ ಎರಡನೆಯದು.