ಹಳೆಯ ಕೀಲಿಮಣೆಯ ಪರವಾಗಿ ಎರಡು ಮಾತು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಮ್ಮ ಹಿರಿಯರು ನೆಪ ಹೇಳುವವರಿಗಾಗಿ ಹೇಳಿದರು. ಗಣಕಯಂತ್ರದ ಆಟದಲ್ಲಿ ಸೋತ ಬಾಲಕನು “ಕೀಲಿಮಣೆ ಹಳೆಯದು, ಹೊಸದನ್ನು ಕೊಡಿಸಿರಿ” ಎಂದು ತಂದೆಯ ಮುಂದೆ ನಿಂತಾಗ ಮನೆಯವರಿಗೆ ಈ ಗಾದೆಯೇ ನೆನಪಾಗುವುದು. ಆದರೆ ನೆಲವು ನಿಜವಾಗಿ ಡೊಂಕಾಗಿರುವುದೂ ಉಂಟು. ಡೊಂಕು ನೆಲದಲ್ಲಿದೆಯೋ ಕಾಲಿನಲ್ಲಿದೆಯೋ ಎಂಬುದನ್ನು ವಾದದಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು. ಪರೀಕ್ಷಿಸದೆ ಹಳೆಯದನ್ನು ಎಸೆಯುವುದು ತಪ್ಪು. ಪರೀಕ್ಷಿಸದೆ ಮಗುವನ್ನು ಗದರಿಸುವುದೂ ಅಷ್ಟೇ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗೆ ಒಂದು ಕ್ರಮವುಂಟು. ಮೊದಲು ಆಟವನ್ನು ಮುಚ್ಚಿ, ಬರೆಯುವ ಪುಟವೊಂದನ್ನು ತೆರೆದು, ಒಂದೊಂದೇ ಕೀಲಿಯನ್ನು ಒತ್ತಿ ನೋಡಬೇಕು. ಅಕ್ಷರಗಳೆಲ್ಲ ಸರಿಯಾಗಿ ಮೂಡಿದರೆ ದೋಷವು ಬಹುಶಃ ಆಟದ ಏರ್ಪಾಟಿನಲ್ಲಿದೆ, ಇಲ್ಲವೆ ಹಲವು ಕೀಲಿಗಳನ್ನು ಒಮ್ಮೆಗೇ ಒತ್ತುವುದರಲ್ಲಿದೆ. ಒಂದೂ ಮೂಡದಿದ್ದರೆ ತಂತಿಯನ್ನೂ ಅದು ಸೇರುವ ಕಿಂಡಿಯನ್ನೂ ಸಂಶಯಿಸಬೇಕು. ಅದೇ ಕೀಲಿಮಣೆಯನ್ನು ಬೇರೊಂದು ಯಂತ್ರಕ್ಕೆ ಜೋಡಿಸಿದರೆ ತಪ್ಪು ಯಾರದೆಂಬುದು ತಿಳಿಯುವುದು. 1987ರಲ್ಲಿ ಐ.ಬಿ.ಎಂ. ಸಂಸ್ಥೆಯು ಬಳಕೆಗೆ ತಂದ ದುಂಡು ತುದಿಯ ಪಿಎಸ್/2 ಜೋಡಣೆ ನಿಮ್ಮದಾಗಿದ್ದರೆ, ಯಂತ್ರವನ್ನು ಆರಿಸಿದ ಮೇಲೆಯೇ ಅದನ್ನು ಕೀಳಬೇಕು, ಸೇರಿಸಬೇಕು. ಚಪ್ಪಟೆ ತುದಿಯ ಯು.ಎಸ್.ಬಿ.ಗೆ ಈ ನಿರ್ಬಂಧವಿಲ್ಲ.

ಕೆಲವೊಮ್ಮೆ ಕೀಲಿಮಣೆ ನಿರಪರಾಧಿಯಾಗಿರುತ್ತದೆ. ವಿಂಡೋಸ್ ಯಂತ್ರಗಳಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಏರ್ಪಾಟು ಬೇಕೇ ಎಂದು ಯಂತ್ರವು ಕೇಳುತ್ತದೆ. ಕೈ ನಡುಗುವವರ ನೆರವಿಗಾಗಿ ಮಾಡಿದ ಏರ್ಪಾಟಿದು. ಆಟದ ಭರದಲ್ಲಿ ಅದಕ್ಕೆ ಹೂಂ ಎಂದುಬಿಟ್ಟರೆ ಚುರುಕಾದ ಒತ್ತುಗಳು ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ನಿಲ್ಲಿಸಿದೊಡನೆ ‘ಕೆಟ್ಟ’ ಕೀಲಿಮಣೆ ಗುಣವಾಗುವುದು.

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ನಡೆಯದು ಎಂಬುದು ಮತ್ತೊಂದು ದೂರು. ಕೀಲಿಗಳ ಕೆಳಗೆ ವಿದ್ಯುತ್ತಿನ ಗೆರೆಗಳು ಚೌಕಾಬಾರದ ಮನೆಗಳಂತೆ ಅಡ್ಡಸಾಲು ಕಂಬಸಾಲುಗಳಾಗಿ ಹಾದಿವೆ. ಒಂದು ಆಯತದ ಮೂರು ಮೂಲೆಗಳನ್ನು ಒಟ್ಟಿಗೆ ಒತ್ತಿದರೆ, ಒತ್ತದ ನಾಲ್ಕನೆಯ ಮೂಲೆಯೂ ಒತ್ತಿದಂತೆ ಯಂತ್ರಕ್ಕೆ ತೋರುವುದು. ಈ ಭ್ರಮೆಯನ್ನು ತಡೆಯಲು ಅಗ್ಗದ ಕೀಲಿಮಣೆಗಳು ಮೂರನೆಯ ಒತ್ತನ್ನೇ ಕೈಬಿಡುತ್ತವೆ. ಇದು ರೋಗವಲ್ಲ, ಹುಟ್ಟುಗುಣ. ಆಟದ ಏರ್ಪಾಟಿನಲ್ಲಿ ಆ ಕೆಲಸವನ್ನು ಬೇರೆ ಕೀಲಿಗೆ ವಹಿಸುವುದೇ ಇದಕ್ಕೆ ಮದ್ದು.

ಒಂದೇ ಕೀಲಿ ಅಂಟಿಕೊಂಡಿದ್ದರೆ ಕಾರಣವು ಸಾಮಾನ್ಯವಾಗಿ ಧೂಳು, ಇಲ್ಲವೆ ಚೆಲ್ಲಿದ ಚಹಾ. ತಂತಿಯನ್ನು ಬಿಡಿಸಿ, ಮಣೆಯನ್ನು ಬೋರಲು ಹಿಡಿದು ತಟ್ಟಿ, ಮೆತ್ತನೆಯ ಕುಂಚದಿಂದ ಗುಡಿಸಿರಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸುವೇ ನೆನೆಸಿದ ಹತ್ತಿಯಿಂದ ಅಂಟನ್ನು ಒರೆಸಿ, ಪೂರ್ಣ ಒಣಗಿದ ಮೇಲೆಯೇ ಜೋಡಿಸಿರಿ. ಉದ್ದನೆಯ ಕೀಲಿಗಳ ಅಡಿಯಲ್ಲಿ ತಂತಿಯ ಆಸರೆಯಿರುವುದುಂಟು. ಅವುಗಳನ್ನು ಬಲವಂತವಾಗಿ ಕೀಳಬಾರದು. ಹಲವು ಕೀಲಿಗಳು ಗುಂಪಾಗಿ ಸತ್ತಿದ್ದರೆ ಒಳಗಿನ ಗೆರೆ ಕಡಿದಿರಬಹುದು. ಆಗ ಹೊಸದನ್ನು ಕೇಳುವುದು ನ್ಯಾಯ. ಹಳೆಯದನ್ನು ಕಸದ ಬುಟ್ಟಿಗಲ್ಲದೆ ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸುವುದು ಧರ್ಮ.

“ಕೆಲವು ನೂರು ರೂಪಾಯಿಗೆ ಹೊಸದು ಸಿಗುವಾಗ ಇಷ್ಟು ಶ್ರಮವೇಕೆ?” ಎಂದು ಕೇಳುವವರುಂಟು. ಆ ಕೆಲವು ನೂರು ರೂಪಾಯಿಯನ್ನು ಸಂಪಾದಿಸಲು ಈ ನಗರದಲ್ಲಿ ನಿಮ್ಮ ತಂದೆತಾಯಿಗಳು ಎಷ್ಟು ಹೊತ್ತು ದುಡಿಯುತ್ತಾರೆಂಬುದನ್ನು ಮೊದಲು ಅವರನ್ನೇ ಕೇಳಿರಿ. ಅದಕ್ಕಿಂತ ದೊಡ್ಡ ಮಾತೊಂದಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದೇ ವಿಜ್ಞಾನದ ಮಾರ್ಗ. ಅದನ್ನು ಕಲಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ.

ಆಟದಲ್ಲಿ ಓಡಲು ನೀವು ಸವೆಸುವ ಡಬ್ಲ್ಯು, ಎ, ಎಸ್, ಡಿ ಕೀಲಿಗಳೇ ಕನ್ನಡವನ್ನೂ ಬರೆಯುತ್ತವೆ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಎಸ್ ಒತ್ತಿದರೆ ‘ಸ’, ಡಿ ಒತ್ತಿದರೆ ‘ದ’. ಹೊರನಾಡಿನ ಮನೆಯೊಂದರಲ್ಲಿ ಆ ಎರಡು ಕೀಲಿಗಳು ಕೆಟ್ಟರೆ ಆಟವಷ್ಟೇ ಅಲ್ಲ, ಊರಿನ ಅಜ್ಜಿಗೆ ಬರೆಯುವ ಪತ್ರವೂ ನಿಲ್ಲುವುದು. ಆದುದರಿಂದ ಎಸೆಯುವ ಮುನ್ನ ಪರೀಕ್ಷಿಸಿರಿ. ದೂರುವ ಮುನ್ನವೂ ಪರೀಕ್ಷಿಸಿರಿ.