ಹಿತ್ತಲಿನಲ್ಲಿ ಹಕ್ಕಿಗೂ ಒಂದು ಪಾಲಿರಲಿ

2020ನೆಯ ಇಸವಿಯ ಯುಗಾದಿ ಮಾರ್ಚ್ 25ರಂದು ಬಂದಿತು. ಕೊರೊನಾ ಸೋಂಕಿಗೆ ಅಂಜಿ ಇಡೀ ದೇಶವೇ ಬಾಗಿಲು ಹಾಕಿಕೊಂಡದ್ದೂ ಅದೇ ದಿನ. ಕಲಬುರಗಿ ಜಿಲ್ಲೆಯನ್ನು ಭಯ ಅದಕ್ಕೂ ಮೊದಲೇ ಹೊಕ್ಕಿತ್ತು. ಈ ಸೋಂಕಿನಿಂದ ದೇಶದಲ್ಲಿ ಸಂಭವಿಸಿದ ಮೊದಲ ಸಾವು ಆ ಜಿಲ್ಲೆಯದೆಂದು ಮಾರ್ಚ್ 12ರಂದು ದೃಢಪಟ್ಟಿತ್ತು. ಅನಂತರದ ವಾರಗಳಲ್ಲಿ ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕೂಲಿ ಅರಸಿ ಹೋಗಿದ್ದ ಸಂಸಾರಗಳು ಬಾಡಿಗೆಯ ಖೋಲಿಗಳನ್ನು ತೆರವು ಮಾಡಿ, ಪಾತ್ರೆಪಡಗಗಳ ಗಂಟು ಹೊತ್ತು ಊರಿನತ್ತ ಹೊರಟವು. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹಳ್ಳಿ, ತಾಂಡಾಗಳಿಗೆ ಮರಳಿದವರಲ್ಲಿ ಅನೇಕರು ಮೊದಲು ಶಾಲೆ, ವಸತಿನಿಲಯಗಳಲ್ಲಿ ಪ್ರತ್ಯೇಕವಾಗಿ ದಿನ ಕಳೆದು, ಬಳಿಕವಷ್ಟೇ ಮನೆಯ ಹೊಸ್ತಿಲು ತುಳಿದರು.

ಆ ಕಷ್ಟವನ್ನು ಹಕ್ಕಿ ನೋಡುವ ವಿನೋದವೆಂಬಂತೆ ಬಣ್ಣಿಸಿದರೆ ಅನ್ಯಾಯವಾದೀತು. ಕೂಲಿ ನಿಂತಿತ್ತು, ಸಂತೆ ನಿಂತಿತ್ತು, ನಾಳೆಯ ಊಟದ ಚಿಂತೆ ಎದೆಯೊಳಗಿತ್ತು. ಆದರೂ ಆ ದಿನಗಳು ಒಂದು ಅನಿರೀಕ್ಷಿತ ಪಾಠವನ್ನು ಉಳಿಸಿಹೋದವು. ವರ್ಷಗಟ್ಟಲೆ ಮುಚ್ಚಿದ್ದ ಹಿರಿಯರ ಮನೆಯ ಹಿಂಬಾಗಿಲನ್ನು ತೆರೆದವರಿಗೆ, ಹಿತ್ತಲು ಬರಿದಾಗಿಲ್ಲ, ತಾವಿಲ್ಲದಾಗಲೂ ಅಲ್ಲಿ ಸಂಸಾರಗಳು ನಡೆದಿದ್ದವು ಎಂಬುದು ತಿಳಿಯಿತು. ಆ ಪಾಠವನ್ನು ನಾಡು ಎಷ್ಟು ಬೇಗ ಮರೆಯುತ್ತಿದೆ, ಮರೆತರೆ ನಷ್ಟವೇನು ಎಂಬುದೇ ಇಲ್ಲಿನ ವಿಚಾರ.

ಹೊಸದಾಗಿ ಬಂದವರು ಹಕ್ಕಿಗಳಲ್ಲ

ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರವನ್ನೇ ಉದಾಹರಣೆಯಾಗಿ ನೋಡಬಹುದು. ಸುತ್ತ ತೊಗರಿ, ಕಡಲೆ, ಜೋಳದ ಹೊಲಗಳು. ಬದಿಯಲ್ಲಿ ಮುಲ್ಲಾಮಾರಿ ನದಿ. ತೆಲಂಗಾಣದ ಗಡಿಯ ಕಡೆಗೆ ಕುಂಚಾವರಂ ಗುಡ್ಡಗಳ ಕಾಡು. ಯುಗಾದಿಯ ಹೊತ್ತಿಗೆ ಇಲ್ಲಿ ಬೇವು ಹೂ ಬಿಟ್ಟಿರುತ್ತದೆ. ಅಂದಿನಿಂದ ಮೃಗಶಿರಾ ಮಳೆಯವರೆಗಿನ ಎರಡೂವರೆ ತಿಂಗಳು ಹಿತ್ತಲಿನ ಅನೇಕ ಹಕ್ಕಿಗಳಿಗೆ ಗೂಡು ಕಟ್ಟುವ, ಮರಿ ಸಾಕುವ ಕಾಲ. ಜನ ಮನೆಯೊಳಗೆ ಕುಳಿತ ಅವಧಿಯೂ ಹಕ್ಕಿಗಳು ಅತಿ ಹೆಚ್ಚು ಹಾಡುವ ಅವಧಿಯೂ ಕಾಕತಾಳೀಯವಾಗಿ ಒಂದೇ ಆದವು. ‘ಈ ಸಲ ಹಕ್ಕಿಗಳು ಹೆಚ್ಚಾಗಿವೆ’ ಎಂದು ಆಗ ಎಲ್ಲೆಡೆ ಕೇಳಿಬಂದ ಮಾತಿಗೆ ಇದೇ ಮುಖ್ಯ ಕಾರಣ. ಹಕ್ಕಿಗಳು ಪ್ರತಿ ಚೈತ್ರದಲ್ಲಿಯೂ ಹಾಗೆಯೇ ಹಾಡುತ್ತಿದ್ದವು. ಕೇಳುವ ಕಿವಿ ಮಾತ್ರ ಆ ವರ್ಷ ಹೊಸದಾಗಿ ಬಂದಿತ್ತು.

ಸದ್ದಡಗಿದ್ದೂ ಇನ್ನೊಂದು ಕಾರಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ, ತಲೆಯ ಮೇಲೆ ಬಿಳಿ ಪಟ್ಟೆಯುಳ್ಳ ಗುಬ್ಬಿಯಂಥ ಹಕ್ಕಿಯೊಂದರ ಹಾಡನ್ನು ವಿಜ್ಞಾನಿಗಳು ಅನೇಕ ವರ್ಷಗಳಿಂದ ಧ್ವನಿಮುದ್ರಿಸುತ್ತಿದ್ದರು. 2020ರ ವಸಂತದಲ್ಲಿ ವಾಹನ ಸಂಚಾರ ನಿಂತಾಗ ಆ ಹಕ್ಕಿಗಳು ಹಿಂದಿಗಿಂತ ಮೆಲುದನಿಯಲ್ಲಿ ಹಾಡಿದವು. ಆದರೂ ಹಾಡು ಹೆಚ್ಚು ಸ್ಪಷ್ಟವಾಗಿ, ಸುಮಾರು ಇಮ್ಮಡಿ ದೂರಕ್ಕೆ ಕೇಳಿಸಿತು. ಗದ್ದಲದಲ್ಲಿ ಕೂಗಿ ಕೂಗಿ ದಣಿಯುತ್ತಿದ್ದ ಜೀವ, ಗದ್ದಲ ನಿಂತೊಡನೆ ಸಹಜವಾಗಿ ಮಾತನಾಡಿದಂತೆ ಇದು. ಲಾರಿಗಳ ಓಡಾಟ ನಿಂತ ಊರಿನ ಬೇವಿನ ಮರದಲ್ಲಿ ಕಂಚುಕುಟಿಗ ಹಕ್ಕಿಯ ‘ಟುಕ್ ಟುಕ್’ ದನಿ ಮಧ್ಯಾಹ್ನವೂ ಏಕೆ ಅಷ್ಟು ಸ್ಪಷ್ಟವಾಗಿ ಕೇಳಿತೆಂಬುದನ್ನು ಇದರಿಂದ ಊಹಿಸಬಹುದು.

ಹಿತ್ತಲೆಂಬ ಸಣ್ಣ ರಾಜ್ಯ

ಹಿತ್ತಲಿನಲ್ಲಿ ಕಾಣುವ ಒಂದೊಂದು ಹಕ್ಕಿಗೂ ಅಲ್ಲಿನ ಒಂದೊಂದು ವಸ್ತುವಿನ ಮೇಲೆ ಹಕ್ಕಿದೆ. ಸಿಂಪಿಗ ಹಕ್ಕಿಗೆ ಬೇಕಾದದ್ದು ಅಗಲ ಎಲೆಯ ಒಂದು ಗಿಡ. ಎಲೆಯ ಅಂಚುಗಳನ್ನು ಜೇಡರ ನೂಲು, ಹತ್ತಿಯ ಎಳೆಗಳಿಂದ ಹೊಲಿದು ಅದು ಗೂಡು ಮಾಡುತ್ತದೆ. ಸೂರಕ್ಕಿ ತನ್ನ ಜೋಲುಗೂಡನ್ನು ತೆಳ್ಳನೆಯ ರೆಂಬೆಗೆ, ಕೆಲವೊಮ್ಮೆ ಪಡಸಾಲೆಯ ತಂತಿಗೇ ತೂಗುಹಾಕುತ್ತದೆ. ಕಂಚುಕುಟಿಗ ಒಣಗಿದ ಕೊಂಬೆಯಲ್ಲಿಯೇ ಪೊಟರೆ ಕೊರೆಯುತ್ತದೆ. ‘ಒಣಗಿದೆ, ಕಡಿದುಬಿಡೋಣ’ ಎಂದು ಕೊಡಲಿ ಎತ್ತಿದರೆ ಒಂದು ಸಂಸಾರದ ಮನೆ ಬಿದ್ದಂತೆ. ಗುಂಪುಗುಂಪಾಗಿ ನೆಲದ ಮೇಲೆ ಕುಪ್ಪಳಿಸುತ್ತ ತರಗೆಲೆ ಮಗುಚುವ ಹರಟೆಮಲ್ಲಗಳಿಗೆ ಗುಡಿಸದ ಒಂದು ಮೂಲೆ ಬೇಕು. ಇವುಗಳನ್ನು ಹಿಂದಿಯಲ್ಲಿ ‘ಸಾತ್ ಭಾಯಿ’, ಅಂದರೆ ಏಳು ಸೋದರರು ಎನ್ನುತ್ತಾರೆ. ಮುಂಗಾರಿನೊಡನೆ ಕಾಣಿಸಿಕೊಳ್ಳುವ ಚಾತಕ ತನ್ನ ಮೊಟ್ಟೆಯಿಡುವುದು ಈ ಹರಟೆಮಲ್ಲಗಳ ಗೂಡಿನಲ್ಲಿ. ಗುಡಿಸದ ಮೂಲೆ ಇಲ್ಲವಾದರೆ ಹರಟೆಮಲ್ಲವಿಲ್ಲ. ಹರಟೆಮಲ್ಲವಿಲ್ಲವಾದರೆ ಮಳೆಯ ದೂತನೆಂದು ಕವಿಗಳು ಕೊಂಡಾಡಿದ ಚಾತಕಕ್ಕೂ ನೆಲೆಯಿಲ್ಲ.

ಬುಡಬುಡಿಕೆಯವರು ನುಡಿ ಕೇಳಿ ಭವಿಷ್ಯ ಹೇಳುವ ಹಾಲಕ್ಕಿಯೂ ಹಿತ್ತಲಿನದೇ. ಹಳೆಯ ಹುಣಸೆಯ ಪೊಟರೆಯಲ್ಲಿ ಹಗಲು ಕಳೆದು, ಸಂಜೆ ಹೊರಬಂದು ಹುಳು, ಇಲಿಗಳನ್ನು ಹಿಡಿಯುವ ಈ ಪುಟ್ಟ ಗೂಬೆ, ಕಣಜದ ಧಾನ್ಯಕ್ಕೆ ಸಂಬಳವಿಲ್ಲದ ಕಾವಲುಗಾರ. ಪಿಕಳಾರ, ಗೊರವಂಕ, ಕೋಗಿಲೆಗಳು ಬೇವಿನ ಹಣ್ಣು ತಿಂದು ಬೀಜವನ್ನು ಬದುವಿಗೆ ಹಾಕುತ್ತವೆ. ಬದುವಿನ ಮೇಲೆ ತಾನಾಗಿ ಬೆಳೆದ ಬೇವನ್ನು ನೆಟ್ಟವರು ಯಾರು ಎಂದು ಕೇಳಿದರೆ ಉತ್ತರ ಇದೇ. ಅದೇ ಬೇವಿನ ಬೀಜದ ಕಷಾಯವನ್ನು ರೈತ ತೊಗರಿಗೆ ಸಿಂಪಡಿಸುತ್ತಾನೆ.

ಕೃಷಿಯ ದೃಷ್ಟಿಯಿಂದ ಈ ಸಂಬಂಧವನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆ ತೊಗರಿಯ ಪರಮಶತ್ರು ಕಾಯಿಕೊರಕ ಹುಳು. ಅದರ ನಿಯಂತ್ರಣಕ್ಕೆ ಕೃಷಿ ವಿಜ್ಞಾನ ಸೂಚಿಸುವ ಕ್ರಮಗಳಲ್ಲಿ ಎಕರೆಗೆ ಸುಮಾರು 20 ಕವಲುಕೋಲುಗಳನ್ನು ನೆಟ್ಟು ಹಕ್ಕಿಗಳಿಗೆ ಕೂರಲು ಆಸರೆ ಒದಗಿಸುವುದೂ ಒಂದು. ಕಡಲೆಯ ಹೊಲದಲ್ಲಿ ಅಲ್ಲಲ್ಲಿ ಜೋಳದ ಕಾಳು ಬಿತ್ತಿ, ಎತ್ತರಕ್ಕೆ ಬೆಳೆದ ದಂಟನ್ನೇ ಆಸರೆಯಾಗಿಸುವ ಪದ್ಧತಿಯೂ ಇದೆ. ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ಆದರೆ ಕೋಲು ನೆಟ್ಟ ಮಾತ್ರಕ್ಕೆ ಹಕ್ಕಿ ಬರುವುದಿಲ್ಲ. ರಾತ್ರಿ ತಂಗಲು ಮರ, ಗೂಡಿಗೆ ಜಾಗ, ಬೇಸಗೆಯಲ್ಲಿ ನೀರು ಹತ್ತಿರದಲ್ಲಿ ಇದ್ದರೆ ಮಾತ್ರ ಹೊಲದ ಕೋಲು ಸಾರ್ಥಕ. ಇವೆಲ್ಲ ಇರುವುದು ಊರಿನ ಹಿತ್ತಲುಗಳಲ್ಲಿ.

ಹಕ್ಕಿ ಕಾಳನ್ನೂ ತಿನ್ನುತ್ತದೆ ಎಂಬ ರೈತನ ದೂರು ಸುಳ್ಳಲ್ಲ. ಹಾಲುದೆನೆಯ ಜೋಳಕ್ಕೆ ಗಿಳಿ, ಗುಬ್ಬಿಗಳೂ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಗುಲಾಬಿ ಕಬ್ಬಕ್ಕಿಗಳೂ ಮುತ್ತಿಗೆ ಹಾಕುತ್ತವೆ. ಅದಕ್ಕೆಂದೇ ಅಟ್ಟ, ಕವಣೆಗಳು ಹುಟ್ಟಿಕೊಂಡವು. ಆದರೆ ಕವಣೆ ಬೀಸಿದ ಹಿರಿಯರೇ ಮನೆಯ ಗೋಡೆಯಲ್ಲಿ ಗುಬ್ಬಿಗೆ ಗೂಡು ಬಿಟ್ಟಿದ್ದರೆಂಬುದನ್ನು ಮರೆಯಬಾರದು. ಕಾಳು ತಿನ್ನುವ ಗುಬ್ಬಿಯೂ ತನ್ನ ಎಳೆಯ ಮರಿಗಳಿಗೆ ಮುಖ್ಯವಾಗಿ ಹುಳುಗಳನ್ನೇ ಉಣಿಸುತ್ತದೆ. ಒಂದು ಋತುವಿನಲ್ಲಿ ಕೊಟ್ಟ ಕಾಳು ಇನ್ನೊಂದು ಋತುವಿನ ಕೂಲಿ ಎಂದು ಹಿರಿಯರು ಅನುಭವದಿಂದ ಅರಿತಿದ್ದರು.

ಅಂಕಿಅಂಶಗಳು ಹೇಳುವುದೇನು?

ಭಾರತದ ಹಕ್ಕಿಗಳ ಸ್ಥಿತಿಗತಿಯ ಕುರಿತ ಮೊದಲ ರಾಷ್ಟ್ರೀಯ ವರದಿ ಹೊರಬಂದದ್ದು ಸಾಂಕ್ರಾಮಿಕಕ್ಕೆ ತುಸು ಮೊದಲು, 2020ರ ಫೆಬ್ರುವರಿಯಲ್ಲಿ. 2023ರಲ್ಲಿ ಪ್ರಕಟವಾದ ಎರಡನೆಯ ವರದಿ ಸುಮಾರು 30,000 ಹವ್ಯಾಸಿಗಳು ದಾಖಲಿಸಿದ 3 ಕೋಟಿ ವೀಕ್ಷಣೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ಇವರಲ್ಲಿ ಬಹುಪಾಲು ಮಂದಿ ಸಾಮಾನ್ಯ ನಾಗರಿಕರು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೋಗಿಲೆ, ನವಿಲುಗಳಂಥ ಕೆಲವು ಹಕ್ಕಿಗಳು ಹೆಚ್ಚುತ್ತಿವೆ. ಆದರೆ ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಇಳಿಕೆ ಎಷ್ಟು ತೀವ್ರವಾಗಿದೆಯೆಂದರೆ, ಅದರ ಅಪಾಯದ ಮಟ್ಟವನ್ನು ಜಾಗತಿಕವಾಗಿ ಮರುಪರಿಶೀಲಿಸಬೇಕೆಂದು ಆ ವರದಿ ಶಿಫಾರಸು ಮಾಡಿತು. ಹೊಲದ ತಂತಿಯ ಮೇಲೆ ದಿನವೂ ಕಾಣುವ ಹಕ್ಕಿ ಎಂದಿಗೂ ಅಲ್ಲೇ ಇರುತ್ತದೆಂಬ ನಂಬಿಕೆಗೆ ಇದು ಎಚ್ಚರಿಕೆ.

ಗುಬ್ಬಿಯ ವಿಷಯದಲ್ಲಿ 2020ರ ವರದಿ ಹೇಳಿದ್ದು ಬೇರೆ. ದೇಶದ ಒಟ್ಟಾರೆ ಗುಬ್ಬಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಕುಸಿದಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಮೊಬೈಲ್ ಗೋಪುರಗಳೇ ಗುಬ್ಬಿಯನ್ನು ಕೊಂದವೆಂದು ವೇದಿಕೆಗಳಲ್ಲಿ ಹೇಳುವುದು ರೂಢಿಯಾಗಿದೆ. ಅದಕ್ಕೆ ದೃಢವಾದ ಪುರಾವೆ ದೊರೆತಿಲ್ಲ. ಗೂಡಿಗೆ ಸಂದಿಲ್ಲದ ಗೋಡೆ, ಮರಿಗೆ ಹುಳುವಿಲ್ಲದ ಅಂಗಳ ಇವು ಹೆಚ್ಚು ಸಮಂಜಸವಾದ ಕಾರಣಗಳು. ಗೋಪುರವನ್ನು ದೂರಿ ಸುಮ್ಮನಾಗುವುದು ಸುಲಭ. ತನ್ನ ಮನೆಯ ಗೋಡೆಯತ್ತ ನೋಡುವುದು ಕಷ್ಟ.

ಗೋಡೆಯ ಪ್ರಶ್ನೆ ಈಗ ಹಳ್ಳಿಗಳಿಗೂ ಬಂದಿದೆ. ಮಣ್ಣಿನ ಗಾರೆಯ ಕಲ್ಲುಗೋಡೆ, ಮಾಳಿಗೆ ಮನೆಗಳ ಜಾಗದಲ್ಲಿ ನುಣುಪಾದ ಸಿಮೆಂಟಿನ ಗೋಡೆಗಳು ಏಳುತ್ತಿವೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟು, ಶಹಾಬಾದದ ಫರಸಿ ಕಲ್ಲು ಎರಡೂ ಈ ನೆಲದ ಸುಣ್ಣಕಲ್ಲಿನಿಂದಲೇ ಬಂದವು. ಗಟ್ಟಿ ಮನೆ ಬಡವನ ಹಕ್ಕು; ಹಕ್ಕಿಗಾಗಿ ಯಾರೂ ಸೋರುವ ಮಾಳಿಗೆಯ ಕೆಳಗೆ ಇರಬೇಕಾಗಿಲ್ಲ. ಆದರೆ ಗಟ್ಟಿ ಮನೆ ಕಟ್ಟಿದ ಕೈ ಹಿತ್ತಲಿಗೂ ಗೋಡೆಯಿಂದ ಗೋಡೆಗೆ ಫರಸಿ ಹಾಸುವ ಅಗತ್ಯವಿದೆಯೇ? ಹಳೆಯ ಬೇವನ್ನು ಕಡಿದು ಕುಂಡದಲ್ಲಿ ವಿದೇಶಿ ಅಲಂಕಾರಿಕ ಗಿಡವಿಡುವುದು ಪ್ರಗತಿಯೇ?

ಅಭಯಾರಣ್ಯವೊಂದೇ ಸಾಲದು

ಚಿಂಚೋಳಿಯ ಕಾಡಿನ 134.88 ಚದರ ಕಿಲೋಮೀಟರ್ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಯಿತು. ಒಣಭೂಮಿಯ ಕಾಡಿಗೆ ದೊರೆತ ಈ ಮನ್ನಣೆ ಸ್ವಾಗತಾರ್ಹ. ಆದರೆ ಅದರಿಂದ ಒಂದು ಅಪಾಯವೂ ಹುಟ್ಟಿದೆ: ಪ್ರಕೃತಿ ಇರಬೇಕಾದದ್ದು ಗಡಿಗೆರೆಯ ಆಚೆ, ಈಚೆ ಏನು ಮಾಡಿದರೂ ನಡೆದೀತು ಎಂಬ ಭಾವನೆ. ಮಲೆನಾಡಿನ ಹಳ್ಳಿಗಳಲ್ಲಿಯೂ ಇದೇ ಮನೋಭಾವ ಕಾಣುತ್ತದೆ. ಬೆಟ್ಟದ ಕಾಡಿಗಾಗಿ ಹೋರಾಡುವ ಊರಿನ ಹಿತ್ತಲಿನಲ್ಲಿಯೇ ಕಳೆನಾಶಕದ ಸಿಂಪಡಣೆ ನಡೆಯುತ್ತಿರುತ್ತದೆ. ಕಾಡು ಮತ್ತು ಹೊಲಗಳ ನಡುವಿನ ಸೇತುವೆ ಹಿತ್ತಲು. ಅದು ಕುಸಿದರೆ ಕಾಡು ದ್ವೀಪವಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ನೆಲೆಸಿ, ತಮ್ಮ ತೋಟದ ಸುತ್ತಮುತ್ತಲೇ ಹಕ್ಕಿಗಳನ್ನು ಕಂಡು, ಚಿತ್ರ ತೆಗೆದು, ಕನ್ನಡದ ಓದುಗರಿಗೆ ಪರಿಚಯಿಸಿದರು. ನೆಲೆಸಿದ ಜಾಗವನ್ನೇ ನೋಡಲು ಕಲಿಯುವುದು ಹೇಗೆಂಬುದಕ್ಕೆ ಗುಡ್ಡಗಾಡಿನವರಿಗೆ ಇದಕ್ಕಿಂತ ಸಮೀಪದ ನಿದರ್ಶನ ಬೇಕಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ, ಅನುದಾನಗಳಿಗೆ ಕಾಯಬೇಕಾಗಿಲ್ಲ. ಹೊಸ ಮನೆ ಕಟ್ಟುವವರು ಸೂರಿನ ಕೆಳಗೆ ಅಂಗೈ ಅಗಲದ ಎರಡು ಗೂಡುಗಳನ್ನು ಬಿಡಲಿ. ಹಿತ್ತಲಿನ ಒಂದು ಮೂಲೆಗೆ ಫರಸಿಯೂ ಬೇಡ, ಪೊರಕೆಯೂ ಬೇಡ. ಬೇವು, ಬೋರೆ, ನುಗ್ಗೆ, ದಾಸವಾಳಗಳಲ್ಲಿ ಸಾಧ್ಯವಾದದ್ದು ಅಲ್ಲಿರಲಿ. ಯುಗಾದಿಯಿಂದ ಮೃಗಶಿರಾ ಮಳೆಯವರೆಗೆ ಮರದ ಕೊಂಬೆ ಸವರುವುದನ್ನು ನಿಲ್ಲಿಸಲಿ. ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಿಸಲಿ. ನಿವೇಶನ ಹಂಚುವ ಪಂಚಾಯಿತಿಗಳು ಪ್ರತಿ ಓಣಿಗೆ ಕೆಲವಾದರೂ ಊರಿನದೇ ಮರಗಳನ್ನು ಉಳಿಸಿಕೊಳ್ಳುವ ನಿಯಮ ಮಾಡಲಿ.

ವಿದ್ಯಾರ್ಥಿಗಳ ಪಾಲಿನ ಕೆಲಸ ಇನ್ನೂ ಸರಳ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲಿನ ಹಕ್ಕಿಗಳ ಎಣಿಕೆ ನಡೆಯುತ್ತದೆ. 2013ರಿಂದ ಭಾರತವೂ ಅದರಲ್ಲಿ ಭಾಗವಹಿಸುತ್ತಿದೆ. ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಂತು ಕಂಡದ್ದನ್ನು, ಕೇಳಿದ್ದನ್ನು ಬರೆದರೆ ಸಾಕು. ಹಕ್ಕಿಯ ಹೆಸರು ತಿಳಿಯದಿದ್ದರೆ ಮನೆಯ ಹಿರಿಯರನ್ನು ಕೇಳಬೇಕು. ಊರಿನ ಹೆಸರುಗಳು ಅವರ ನಾಲಗೆಯ ಮೇಲಿವೆ, ಅವೂ ಹಕ್ಕಿಗಳಷ್ಟೇ ಅಪಾಯದಲ್ಲಿವೆ. ಮಲೆನಾಡಿನ ಒಂದು ಶಾಲೆಯೂ ಚಂದಾಪುರದ ಕಡೆಯ ಒಂದು ಶಾಲೆಯೂ ಇಂಥ ಪಟ್ಟಿಗಳನ್ನು ಐದು ವರ್ಷ ಬಿಡದೆ ಬರೆದಿಟ್ಟರೆ ಅದು ಯಾವ ಪ್ರಯೋಗಾಲಯಕ್ಕೂ ಕಡಿಮೆಯಲ್ಲದ ದಾಖಲೆ.

ಸಾಂಕ್ರಾಮಿಕ ಮುಗಿದ ಮೇಲೆ ಮರಳಿ ಬಂದಿದ್ದ ಅನೇಕರು ಮತ್ತೆ ನಗರಗಳ ದಾರಿ ಹಿಡಿದರು. ಹೊಟ್ಟೆಪಾಡಿನ ಆ ಒತ್ತಾಯವನ್ನು ಯಾವ ಹಕ್ಕಿಯೂ ಬಿಡಿಸಲಾರದು. ಆದರೆ ಮುಂದೊಂದು ದಿನ ಅವರು, ಅವರ ಮಕ್ಕಳು ಮತ್ತೆ ಬೀಗ ತೆಗೆದು ಹಿಂಬಾಗಿಲು ನೂಕಿದಾಗ ಬೇವಿನ ಮರವೂ ಅದರ ಒಣಕೊಂಬೆಯಲ್ಲಿ ಕಂಚುಕುಟಿಗವೂ ಇರಬೇಕೋ, ಬಿಸಿಲಿಗೆ ಕಾದ ಫರಸಿಯಷ್ಟೇ ಇರಬೇಕೋ ಎಂಬುದನ್ನು ಊರಿನಲ್ಲಿ ಉಳಿದವರು ಇಂದೇ ನಿರ್ಧರಿಸಬೇಕಾಗಿದೆ.